ಸೆಲ್ವಮ್ಮನ ತೋರುಬೆರಳು

ಸೆಲ್ವಮ್ಮನ ಬಲಗೈ ತೋರುಬೆರಳು ತುದಿಯಲ್ಲಿ ತುಸು ಡೊಂಕು. ಎಂದೋ ಕುಡುಗೋಲು ತಗುಲಿ ಹಾಗಾದದ್ದು. ಬಂಗಾರಪೇಟೆ ರಸ್ತೆಯ ನಮ್ಮೂರಿನಲ್ಲಿ ಯಾರ ಟೊಮೆಟೊ ಮಂಡಿ ಸೇರಬೇಕು, ಯಾರದು ಗಿಡದಲ್ಲೇ ಕೊಳೆಯಬೇಕು ಎಂದು ಈಚಿನ ವರ್ಷಗಳಲ್ಲಿ ತೀರ್ಮಾನಿಸುತ್ತಿದ್ದುದು ಆ ಬೆರಳು. ನಾನು ಊರ ಹಾಲಿನ ಡೇರಿಯ ಸೆಕ್ರೆಟರಿ. ಒಂದಿಷ್ಟು ಟೊಮೆಟೊ ಬೆಳೆಯುವವನೂ ಹೌದು. ಆದ್ದರಿಂದ ಆ ಬೆರಳಿನ ಬಗ್ಗೆ ನನಗಿದ್ದ ಗೌರವ ಪೂರ್ತಿ ನಿಸ್ವಾರ್ಥವಾದುದೆಂದು ಹೇಳಲಾರೆ.

ಆಕೆ ಹುಟ್ಟಿದ್ದು ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಗಣಿ ಮುಚ್ಚಿ, ಗಂಡನೂ ತೀರಿಕೊಂಡ ಮೇಲೆ ಎಳೆಯ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೂಲಿಗೆಂದು ನಮ್ಮೂರಿಗೆ ಬಂದಳು. ಚೌಕಾಸಿಗೆ ತೆಲುಗು, ಬೈಗುಳಕ್ಕೆ ತಮಿಳು, ಉಳಿದ ಸಣ್ಣಪುಟ್ಟ ವ್ಯವಹಾರಕ್ಕೆ ಕನ್ನಡ ಬಳಸುತ್ತಿದ್ದಳು.

ಆಗ ಊರಿನಲ್ಲಿ ಒಂದು ಪದ್ಧತಿ ಇತ್ತು. ಬೆಳಕು ಹರಿಯುವ ಹೊತ್ತಿಗೆ ಕೂಲಿ ಹೆಂಗಸರೆಲ್ಲ ನಾರಾಯಣಪ್ಪನವರ ಗೇಟಿನ ಮುಂದೆ ಬಂದು ನಿಲ್ಲಬೇಕು. ಊರಿನ ಅರ್ಧ ಜಮೀನು ಅವರದು. ಉಳಿದರ್ಧಕ್ಕೆ ಅವರ ಬೋರ್‌ವೆಲ್ಲಿನ ನೀರು. ಅವರು ಜಗಲಿಯ ಕುರ್ಚಿಯಲ್ಲಿ ಕೂತು, ಸ್ಟೀಲ್ ಲೋಟದಲ್ಲಿ ಕಾಫಿ ಹೀರುತ್ತ, ಊರುಗೋಲು ಚಾಚಿ, “ನೀನು... ನೀನು... ನೀನು” ಎಂದು ಆರಿಸುತ್ತಿದ್ದರು. ಕೋಲು ತೋರದವರ ಮನೆಯಲ್ಲಿ ಆ ದಿನ ಒಲೆಗೆ ವಿಶ್ರಾಂತಿ. ಬೇರೆ ಊರಿಗೆ ಹೋಗೋಣವೆಂದರೆ ಬಸ್ ಚಾರ್ಜಿಗೇ ಅರ್ಧ ಕೂಲಿ ಹೋಗುತ್ತಿತ್ತು.

ಒಂದು ದಿನ ಮಗಳಿಗೆ ಜ್ವರ ಬಂದು ಸೆಲ್ವಮ್ಮ ತಡವಾಗಿ ಬಂದಳು. ಮರುದಿನ ಕೋಲು ಆಕೆಯನ್ನು ದಾಟಿ ಹೋಯಿತು. “ನೀನ್ ಬ್ಯಾಡ. ನಿಂತ್ಕೊಂಡಿರು, ಬುದ್ಧಿ ಬರ್ಲಿ,” ಎಂದರು ನಾರಾಯಣಪ್ಪ. ಆ ಫಸಲು ಮುಗಿಯುವವರೆಗೂ ಅದೇ ಮಾತು. ಇಂದಾದರೂ ಕರೆದಾರು ಎಂದು ಆಕೆ ದಿನಾ ಬರುವುದು, ಉಳಿದವರು ತೋಟಕ್ಕೆ ಹೋಗುವುದು, ಗೇಟಿನಲ್ಲಿ ಆಕೆ, ಜಗಲಿಯಲ್ಲಿ ಕಾಫಿ. ಒಮ್ಮೆ ಮಾತ್ರ ಬಾಯಿಬಿಟ್ಟು, “ಸಾಮಿ, ಮಗೀಗೆ ಗಂಜಿಗೂ ಇಲ್ಲ,” ಎಂದಳು.

“ಕಾಫಿ ಕುಡಿಯೋವಾಗ ಮಾತಾಡ್ಬ್ಯಾಡ,” ಎಂದರು ಅವರು.

ಗೇಟಿನ ಎದುರಿಗೇ ನಮ್ಮ ಡೇರಿ. ಆಕೆ ರಸ್ತೆ ದಾಟಿ ಬಂದು, ನಾನು ಮಗುವಿಗೆಂದು ಕೊಟ್ಟ ಹಾಲು ಇಸಿದುಕೊಂಡು, “ಸೆಕ್ರೆಟ್ರಿ, ಆ ಕಾಫಿ ಲೋಟ ಚೆನ್ನಾಗಿ ನೋಡ್ಕೊಂಡಿದ್ದೀನಿ ಕಣಪ್ಪ,” ಎಂದಳು. ಅಳಲಿಲ್ಲ. ಅತ್ತಿದ್ದರೆ ನಾರಾಯಣಪ್ಪನವರಿಗೆ ಮುಂದೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಕಾಲ ಕಳೆಯಿತು. ಮೊದಲು ಮನೆಗೆ ಪುಕ್ಕಟೆ ಅಕ್ಕಿ ಬಂತು. ಆಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಮನೆಯೊಡತಿಯ ಖಾತೆಗೆ ತಿಂಗಳ ದುಡ್ಡೂ ಬೀಳತೊಡಗಿತು. ಗೇಟಿನ ಮುಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಸ್‌ಸ್ಟಾಪಿಗೆ ವರ್ಗವಾದರು. ಕೆಲವರು ರಾಬರ್ಟ್‌ಸನ್‌ಪೇಟೆಯ ಹೋಟೆಲ್ ಅಡಿಗೆಮನೆಗೆ, ಕೆಲವರು ಮಾಲೂರು ಕಡೆಯ ಹೂವಿನ ತೋಟಗಳಿಗೆ. ನಮ್ಮ ಡೇರಿ ಕಟ್ಟೆಯ ಮೇಲೆ, ಪುಕ್ಕಟೆ ಅಕ್ಕಿಯಿಂದ ಜನ ಎಷ್ಟು ಸೋಮಾರಿಗಳಾದರು ಎಂಬ ಬಗ್ಗೆ ಗಂಭೀರ ಚಿಂತನೆ ನಡೆಯುತ್ತಿತ್ತು. ಚಿಂತಿಸುವವರೆಲ್ಲ ಕೂತಿರುತ್ತಿದ್ದರು, ಸೋಮಾರಿಗಳು ಎದುರಿಗೆ ಬುತ್ತಿ ಹಿಡಿದು ಬಸ್ಸಿಗೆ ನಿಂತಿರುತ್ತಿದ್ದರು.

ಸೆಲ್ವಮ್ಮ ಒಂದು ದಿನ ಅದನ್ನು ಕೇಳಿಸಿಕೊಂಡು, “ಸೋಂಬೇರಿ ಆಗಿಲ್ಲ ಸಾಮಿ. ಅವಸ್ರ ಇಲ್ಲ, ಅಷ್ಟೆ,” ಎಂದಳು.

ಆ ಅವಸರವಿಲ್ಲದ ಹೆಂಗಸರಿಗೆ ಆಕೆಯೇ ಮೇಸ್ತ್ರಿಯಾದಳು. ಈಗ ಬೆಳಕು ಹರಿಯುವ ಹೊತ್ತಿಗೆ ರೈತರೇ ಬೈಕಿನಲ್ಲಿ ಬಸ್‌ಸ್ಟಾಪಿಗೆ ಬಂದು ನಿಲ್ಲಬೇಕು. ಆಕೆ ಕಲ್ಲುಬೆಂಚಿನ ಮೇಲೆ ಕೂತು, ಸ್ಟೀಲ್ ಲೋಟದಲ್ಲಿ ಕಾಫಿ ಹೀರುತ್ತ, ಡೊಂಕು ಬೆರಳು ಚಾಚುವಳು. “ನೀವು... ನೀವು... ಸೆಕ್ರೆಟ್ರಿ, ನೀವು ನಾಳೆ.” ಕೂಲಿ ಆಕೆ ಹೇಳಿದ್ದು, ನಡುಹೊತ್ತಿಗೆ ಟೀ, ಕರೆದೊಯ್ಯಲು ಆಟೋ. ಒಪ್ಪದಿದ್ದರೆ ಬಸ್ಸು ಬರುತ್ತಿತ್ತು.

ಟೊಮೆಟೊಗೆ ಬಂಗಾರದ ಬೆಲೆ ಬಂದ ವರ್ಷ ನಾರಾಯಣಪ್ಪನವರ ತೋಟ ಕೆಂಪಾಗಿ ನಿಂತಿತು. ಅವರು ಮೊದಲು ಆಳನ್ನು ಕಳಿಸಿದರು. “ಬೆಳೆ ಅವ್ರ್ದಲ್ವಾ? ಅವ್ರೇ ಬರ್ಲಿ,” ಎಂದಳು ಸೆಲ್ವಮ್ಮ. ಎರಡು ದಿನ ಬಿಗುಮಾನದಲ್ಲಿ ಕಳೆದು, ಮೂರನೆಯ ದಿನ ಊರುಗೋಲು ಊರುತ್ತ ಅವರೇ ಬಂದರು.

“ಏನಮ್ಮಾ ಸೆಲ್ವಮ್ಮ...” ಎಂದು ಶುರುಮಾಡಿದರು. ಅವರ ಬಾಯಲ್ಲಿ ಆಕೆಯ ಹೆಸರು ನಾನು ಕೇಳಿದ್ದು ಅದೇ ಮೊದಲು.

“ಕಾಫಿ ಕುಡಿಯೋವಾಗ ಮಾತಾಡ್ಬ್ಯಾಡಿ ಸಾಮಿ.”

ಆ ಲೋಟದ ಕಾಫಿ ಅಷ್ಟು ಹೊತ್ತು ಹೇಗೆ ಬಂತೋ. ಮುಗಿದ ಮೇಲೆ ಬೆರಳು ಉಳಿದ ರೈತರನ್ನೆಲ್ಲ ಮುಟ್ಟಿ, ನಾರಾಯಣಪ್ಪನವರ ಬಳಿ ನಿಂತಿತು. “ನೀವು ಬ್ಯಾಡ. ನಿಂತ್ಕೊಂಡಿರಿ.”

“ಡಬ್ಬಲ್ ಕೂಲಿ ಕೊಡ್ತೀನಿ!” ಎಂದು ನಾರಾಯಣಪ್ಪ ಹೆಂಗಸರತ್ತ ಕೂಗಿದರು.

ಗುಂಪಿಗೆ ಹೊಸದಾಗಿ ಸೇರಿದ್ದ, ಊರಿನ ಸೊಸೆಯೊಬ್ಬಳು, “ಅಕ್ಕಾ, ಡಬ್ಬಲ್ ಅಂತವ್ರೆ,” ಎಂದು ಪಿಸುಗುಟ್ಟಿದಳು.

“ಓಗೋದಾದ್ರೆ ಓಗಮ್ಮ. ನಾನೇನ್ ಕಟ್ಟಾಕಿದ್ದೀನಾ?”

ಹುಡುಗಿ ಪಕ್ಕದವರ ಮುಖ ನೋಡಿದಳು. ಆ ಗೇಟಿನಲ್ಲಿ ನಿಂತು ಬಂದವರೇ ಎಲ್ಲ. ಒಬ್ಬರೂ ಕದಲಲಿಲ್ಲ, ಹುಡುಗಿಯೂ ಕದಲಲಿಲ್ಲ.

ಆಮೇಲೆ ನಾರಾಯಣಪ್ಪ ದಿನಾ ಬಂದರು, ದಿನಾ ನಿಂತರು. ಕೊಳೆತ ಟೊಮೆಟೊದ ಹುಳಿ ವಾಸನೆ ಡೇರಿಯವರೆಗೂ ಬಂದು, ಹಾಲೇ ಒಡೆಯಿತೆಂದು ನಾನು ಗಾಬರಿಯಾದದ್ದುಂಟು. “ಸಾಕಲ್ವಾ ಅಕ್ಕಾ?” ಎಂದೆ.

“ನನ್ ಮಗ್ಳು ಒಂದ್ ಫಸ್ಲು ಅಸ್ಕೊಂಡಿದ್ಲು ಸೆಕ್ರೆಟ್ರಿ. ಅವ್ರ್ದೂ ಒಂದ್ ಫಸ್ಲು.”

ಮಾತಿನಂತೆಯೇ ಮುಂದಿನ ಫಸಲಿಗೆ ಹೆಂಗಸರನ್ನು ಕಳಿಸಿದಳು. ತಾನು ಮಾತ್ರ ಆ ತೋಟಕ್ಕೆ ಕಾಲಿಡಲಿಲ್ಲ.

ಕಳೆದ ಬೇಸಿಗೆ ಆಕೆಯನ್ನು ಬಂಗಾರಪೇಟೆಯ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದೆ. ಉಸಿರಿಗೇ ಕಷ್ಟ, ಮಗಳು ಬೆನ್ನು ನೀವುತ್ತಿದ್ದಳು. ವಾರ್ಡಿನ ಬಾಗಿಲಾಚೆ ನಾರಾಯಣಪ್ಪ ಫ್ಲಾಸ್ಕ್ ಹಿಡಿದು ನಿಂತಿದ್ದರು. ಒಳಗೆ ಬರುವ ಧೈರ್ಯವಿಲ್ಲ, ಹಿಂದಿರುಗುವ ಮನಸ್ಸೂ ಇಲ್ಲ.

“ಅಕ್ಕಾ, ಅವರು ಬಂದಿದ್ದಾರೆ. ನಿನಗೆ ಕಾಫಿ ತಂದಿದ್ದಾರೆ,” ಎಂದೆ.

ಕಣ್ಣು ತೆರೆದಳು. ಡೊಂಕು ಬೆರಳು ಹೊದಿಕೆಯಿಂದ ಮೆಲ್ಲಗೆ ಹೊರಬಂದು ಬಾಗಿಲತ್ತ ತಿರುಗಿತು.

“ನಿಂತ್ಕೊಂಡಿರ್ಲಿ,” ಎಂದಳು. ಸ್ವಲ್ಪ ಹೊತ್ತಿಗೆ ಬೆರಳು ನನ್ನತ್ತ ಬಂತು. “ಕಾಫಿ ನೀವ್ ಕುಡೀರಿ. ಅವ್ರ್ ಎದುರ್ಗೇ.”

ನಮ್ಮ ಕೊನೆಯ ಮಾತು ಅದೇ. ನಾನು ಹೊರಗೆ ಬಂದು ಫ್ಲಾಸ್ಕ್ ಇಸಿದುಕೊಂಡೆ. ನಾರಾಯಣಪ್ಪ, “ಹೇಗಿದ್ದಾಳೆ?” ಎಂದು ಬಾಯಿ ತೆರೆದರು. ಕುಡಿಯುವಾಗ ಮಾತಾಡಬಾರದೆಂದು ಕೈಸನ್ನೆ ಮಾಡಿ, ಗೋಡೆಗೊರಗಿ, ನಿಧಾನವಾಗಿ ಪೂರ್ತಿ ಕುಡಿದೆ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.