ನರ್ಸಮ್ಮ ಬರ್ತೀನಿ ಅಂದದ್ದು

ಕುರುಬರಹಳ್ಳಿಯ ನಮ್ಮ ಮನೆಗೆ ಅಂಟಿಕೊಂಡ ಹಾಗೆ ಒಂದು ಕೋಣೆ ಇತ್ತು. ಅದರಲ್ಲಿ ಬಾಡಿಗೆಗೆ ಇದ್ದವಳು ಸಿಲೋನಿನ ನರ್ಸಮ್ಮ. ಮಾಗಡಿ ರಸ್ತೆ ಕಡೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ. ಆಗ ರಾಜಾಜಿನಗರದ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡ್ತಾ ಇದ್ದರು, ನಮ್ಮ ಕಡೆ ಇನ್ನೂ ರಾಗಿಯೇ. ಅವಳು ಬಂದ ಹೊಸದರಲ್ಲಿ ನಮ್ಮತ್ತೆ, "ರಾವಣನ ಊರಿನವಳು, ಮನೆ ಪಕ್ಕ ಯಾಕೆ?" ಅಂತ ಮಾವನ ಜೊತೆ ಜಗಳ ತೆಗೆದಿದ್ದರು. ಅತ್ತೆಯ ಕಾಲುಹುಣ್ಣನ್ನ ಅವಳು ತೊಳೆದು ಕಟ್ಟಿ ವಾಸಿ ಮಾಡಿದಳು. ಆಮೇಲೆ ರಾವಣನ ಸುದ್ದಿ ನಿಂತಿತು.

ಅವಳು ಬರೋಕೆ ಮುಂಚೆ ನನ್ನ ಮೊದಲನೇ ಹೆರಿಗೆ ಆಗಿದ್ದು ಮನೆಯಲ್ಲೇ, ಸೂಲಗಿತ್ತಿ ಕೈಯಲ್ಲಿ. ದಿನಗಟ್ಟಲೆ ನೋವು ತಿಂದೆ, ಮಗು ಸತ್ತು ಹುಟ್ಟಿತು. ಅತ್ತಿದ್ದಾಯಿತು, ಮತ್ತೆ ಬಸುರಾದೆ. ತಿಂಗಳು ತುಂಬುತ್ತಾ ಬಂದಾಗ ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ, "ತಂಗಿ, ಮಗು ಅಡ್ಡ ಮಲಗಿದೆ. ಮನೆಯಲ್ಲಿ ಆಗಲ್ಲ, ನಮ್ಮ ಆಸ್ಪತ್ರೇಲೂ ಆಗಲ್ಲ. ಪೇಟೆಯ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ" ಅಂದಳು. ನಮ್ಮತ್ತೆಗೆ ದೊಡ್ಡಾಸ್ಪತ್ರೆ ಅಂದರೆ ಮಸಣದ ದಾರಿ. ನನ್ನ ಗಂಡ ಅವರವ್ವ ಹೂಂ ಅನ್ನದೆ ಕಾಲಿಗೆ ಚಪ್ಪಲಿಯೂ ಹಾಕದ ಮನುಷ್ಯ. ನನಗೆ ದಿಕ್ಕು ಅಂತ ಇದ್ದವಳು ಅವಳೊಬ್ಬಳೇ.

ಅಷ್ಟರಲ್ಲಿ ಅವಳ ಊರಿಂದ ತಂತಿ ಬಂತು. ತಾಯಿಗೆ ಕಾಯಿಲೆ ಅಂತೆ. ಕೆಲಸ ಬಿಟ್ಟು ಹೊರಟು ನಿಂತಳು.

ಆ ವಾರ ನನಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಹಿತ್ತಿಲಿಂದ ಜಗಲಿಗೆ, ಜಗಲಿಯಿಂದ ಹಿತ್ತಿಲಿಗೆ. ರೊಟ್ಟಿ ಹಂಚಿನ ಮೇಲೆ ಬಿಟ್ಟು ಬಂದು ಬೀದಿ ನೋಡ್ತಾ ನಿಲ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಸಾರಿಸಿದ ನೆಲ ಸವೆದುಹೋಗುತ್ತೆ, ಕೂತ್ಕೊ" ಅಂತ ಅತ್ತೆ ಬೈಯೋರು. ಹೊಟ್ಟೆಯೊಳಗಿನದೂ ಅಡ್ಡಡ್ಡಕ್ಕೇ ಒದೆಯೋದು.

ಹೊರಡೋ ದಿನ ಬೆಳಿಗ್ಗೆ ನರ್ಸಮ್ಮ ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ. ತನ್ನ ಕೈಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ತೂಕ ನೋಡೋ ಹಾಗೆ ಎತ್ತಿ ಎತ್ತಿ ಇಳಿಸಿದಳು. ಒಂದು ಮನೆಯಲ್ಲಿ ಒಬ್ಬಟ್ಟು, ಇನ್ನೊಂದರಲ್ಲಿ ಮಜ್ಜಿಗೆ, ಮತ್ತೊಂದರಲ್ಲಿ ಬಲವಂತಕ್ಕೆ ಮುದ್ದೆ. ಬೀದಿ ಕೊನೆ ಮುಟ್ಟೋ ಹೊತ್ತಿಗೆ ಅವಳ ಹೊಟ್ಟೆ ನನ್ನದಕ್ಕೆ ಪೈಪೋಟಿ ಕೊಡ್ತಿತ್ತು. ನಾನು ಅವಳ ಬೆನ್ನು ಬಿಡಲಿಲ್ಲ.

ಹೆಂಗಸರು ಗುಸುಗುಸು ಶುರುಮಾಡಿದರು. ಎಲ್ಲ ಮನೆಯಲ್ಲೂ ಅವಳು ಬರೀ "ಹೋಗ್ತೀನಿ" ಅಂದಿದ್ದಳು. ನಮ್ಮಲ್ಲಿ ಸಾವಿನ ಮನೆಯಿಂದಾದರೆ ಏನೂ ಹೇಳದೆ ಎದ್ದು ಬರ್ತಾರೆ. ಮಿಕ್ಕ ಎಲ್ಲ ಕಡೆಯಿಂದಲೂ ಹೋಗಿ ಬರ್ತೀನಿ ಅಂತಲೇ ಅನ್ನಬೇಕು, ಜನ್ಮದಲ್ಲಿ ಮತ್ತೆ ಬರದವರೂ ಅನ್ನಬೇಕು.

ಕೊನೆಗೆ ನಮ್ಮ ಮನೆ. ಜಟಕಾ ಬಂದು ನಿಂತಿತ್ತು. ಅತ್ತೆ ಹೂ ಮುಡಿಸಿದರು.

"ಅವ್ವಾ, ಹೋಗ್ತೀನಿ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಬಸುರಿ ಇರೋ ಮನೆ ಕಣವ್ವ. ಬರ್ತೀನಿ ಅನ್ನು."

"ಬರಲ್ಲವಲ್ಲ ಅವ್ವಾ."

"ಬಾ ಅಂತ ನಿನ್ನ ಯಾರು ಕರೆದರು? ಬರ್ತೀನಿ ಅನ್ನು, ಸಾಕು. ಇಷ್ಟು ವರ್ಷ ಇದ್ದು ಇದೂ ಕಲೀಲಿಲ್ವಾ? ನಿಮ್ಮ ಲಂಕೇಲಿ ಹೀಗನ್ನಲ್ವಾ?"

"ಅಂತಾರೆ. ಇದೇ ಮಾತೇ. ನಮ್ಮಮ್ಮನಿಗೆ ಬರ್ತೀನಿ ಅಂದು ಬಂದಿದ್ದೆ, ಅದಕ್ಕೇ ಈಗ ಹೋಗ್ತಿರೋದು. ಒಂದೇ ಬಾಯಲ್ಲಿ ಎರಡೂರಿಗೆ ಬರ್ತೀನಿ ಅನ್ನೋದು ಹೇಗೆ?"

ಜಟಕಾದವನು, "ರೈಲೇನು ನಿಮ್ಮ ಬೀಗರ ಮನೇದಾ, ಕಾಯೋಕೆ?" ಅಂತ ಕೂಗಿದ. ಆದರೂ ಅತ್ತೆ ಜರುಗಲಿಲ್ಲ.

ನನಗೆ ತಡೆಯೋಕಾಗಲಿಲ್ಲ. "ಒಂದು ಮಾತಿಗೆ ಇಷ್ಟು ಹೆದರ್ತೀರಲ್ಲ ಅತ್ತೆ, ನನ್ನ ಹೊಟ್ಟೇಲಿ ಅಡ್ಡ ಮಲಗಿರೋದಕ್ಕೆ ಯಾರು ಹೆದರ್ತೀರ?" ಅಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ನರ್ಸಮ್ಮ ನನ್ನ ನೋಡಿದಳು. ಕೈಯ ಗಂಟು ಕೆಳಗಿಟ್ಟಳು.

"ಸರಿ ಅವ್ವಾ, ಬರ್ತೀನಿ ಅಂತೀನಿ. ಅಂದಮೇಲೆ ಆ ಭಾರ ನನ್ನ ತಲೆ ಮೇಲೆ. ನೀವೂ ಒಂದು ಹೊತ್ಕೊಳ್ಳಿ. ನೋವು ಕಾಣಿಸಿದ ತಕ್ಷಣ ಇವಳನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅನ್ನಿ."

"ಅದೂ ಇದೂ ಒಂದೇನಾ?"

"ಬರೀ ಅನ್ನೋದು ತಾನೆ? ನೀವೇ ಅಂದ್ರಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನನ್ನ ಹೊಟ್ಟೆ ನೋಡಿದರು, ಬೀದಿ ನೋಡಿದರು. ಇಡೀ ಬೀದಿ ಕಿವಿಯಾಗಿ ನಿಂತಿತ್ತು. "ಆಯ್ತು, ಕರ್ಕೊಂಡು ಹೋಗ್ತೀನಿ" ಅಂದರು, ಕಹಿ ಕಷಾಯ ನುಂಗಿದ ಹಾಗೆ.

"ಹೋಗಿ ಬರ್ತೀನಿ ಅವ್ವಾ." ಗಂಟು ಎತ್ತಿಕೊಂಡು ಜಟಕಾ ಹತ್ತಿದಳು. ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೆ ಅಳು ಬರಲಿಲ್ಲ. ಜಟಕಾ ಕಡೆಗೂ ನೋಡಲಿಲ್ಲ. ಅತ್ತೆ ಮುಖವನ್ನೇ ನೋಡ್ತಾ ಇದ್ದೆ, ಜಟಕಾ ತಿರುವು ದಾಟಿದ ಮೇಲೆ ಇವರು ಏನನ್ನುತ್ತಾರೋ ಅಂತ. ಅವರು ಒಳಗೆ ಹೋಗಿ ರಾಗಿ ಬೀಸೋಕೆ ಕೂತರು. ಅದು ಇನ್ನೂ ಕಷ್ಟ. ಮತ್ತೆ ಹಿತ್ತಿಲು, ಜಗಲಿ, ಹಿತ್ತಿಲು.

ನೋವು ಬಂದದ್ದು ಒಂದು ಮಧ್ಯಾಹ್ನ, ಗಂಡ ಮಿಲ್ಲಿಗೆ ಹೋಗಿದ್ದಾಗ. ಅತ್ತೆ ಎದ್ದವರೇ ಸೂಲಗಿತ್ತಿ ಮನೆ ಕಡೆ ನಡೆದರು. ನಾನು ಕಂಬ ಹಿಡಿದು ನೋಡ್ತಾ ಇದ್ದೆ. ಕೂಗೋಕೂ ಉಸಿರಿಲ್ಲ. ಎದುರು ಮನೆಯವಳು ಜಗಲಿ ಮೇಲಿಂದಲೇ, "ಏನಕ್ಕ, ಆ ಲಂಕೆಯವಳಿಗೆ ಏನೋ ಮಾತು ಕೊಟ್ಟಂಗಿತ್ತು?" ಅಂದಳು.

ಅತ್ತೆ ನಡುಬೀದಿಯಲ್ಲಿ ನಿಂತರು. "ನನಗೇನು ಮರೆವು ಬಂದಿದೆಯಾ? ನಿನ್ನ ಒಲೆ ನೋಡ್ಕೊ ಹೋಗೆ!" ಅಂತ ಅವಳ ಮೇಲೆ ಹರಿಹಾಯ್ದು, ತಿರುಗಿ ಬಂದು ಗಾಡಿ ಕಟ್ಟಿಸಿದರು.

ಮಾಗಡಿ ರಸ್ತೆಯ ಒಂದೊಂದು ಗುಂಡಿಯೂ ನನ್ನ ಸೊಂಟಕ್ಕೆ ಗೊತ್ತು. ಅತ್ತೆ ನನ್ನ ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು, ಪೇಟೆ ಮುಟ್ಟೋ ತನಕ ನರ್ಸಮ್ಮನನ್ನ ಬೈದರು. "ನನ್ನ ನಾಲಿಗೆಗೆ ಗಂಟು ಹಾಕಿ ಹೋದಳು ಮುಂಡೇದು. ಬರ್ತಾಳಂತೆ, ಬರ್ತಾಳೆ!" ಅವಳು ಬರಲಿಲ್ಲ. ನಾನೂ ದಾರಿ ಕಾಯಲಿಲ್ಲ.

ಹೊಟ್ಟೆ ಕುಯ್ದು ತೆಗೆದರು. ಹೆಣ್ಣು. ವಾರ್ಡೇ ಎದ್ದುಹೋಗೋ ಹಾಗೆ ಕಿರುಚ್ತಾ ಇತ್ತು. ಅತ್ತೆ ಬಗ್ಗಿ ನೋಡಿ, "ಮೂಗು ನಿಮ್ಮ ಕಡೇದು, ಚಪ್ಪಟೆ" ಅಂದರು. ಹಾಗಂದು ಎತ್ತಿಕೊಂಡವರು, ಅದು ಹಾಲಿಗೆ ಅಳೋ ತನಕ ನನ್ನ ಕೈಗೆ ಕೊಡಲಿಲ್ಲ.