ಮೆಜಿದೆಯ ಬಿತ್ತನೆ ಗೂಡುಗಳು

ಏಪ್ರಿಲ್ ಬಂತೆಂದರೆ ಮೆಜಿದೆ ಮೆಲ್ಲಗೆ ನಡೆಯತೊಡಗುತ್ತಿದ್ದಳು. ಬುಗ್ಗೆಯಿಂದ ನೀರು ತರುವಾಗಲೂ ಮೆಟ್ಟಿಲು ಹತ್ತುವಾಗಲೂ, ತುಳುಕುವ ಬಟ್ಟಲನ್ನು ಹಿಡಿದವಳ ಹಾಗೆ. ಅಂತಾಕ್ಯ ಪೇಟೆಯ ಹತ್ತಿರದ ನಮ್ಮೂರು ಹರ್ಬಿಯೆಯಲ್ಲಿ ಓಣಿಯವರಿಗೆಲ್ಲ ಕಾರಣ ಗೊತ್ತಿತ್ತು. ಒಳಂಗಿಯೊಳಗೆ, ಎದೆಗೆ ಒತ್ತಿಕೊಂಡು, ಹತ್ತಿಬಟ್ಟೆಯ ಪುಟ್ಟ ಚೀಲದಲ್ಲಿ ರೇಷ್ಮೆ ಹುಳುವಿನ ಮೊಟ್ಟೆಗಳಿರುತ್ತಿದ್ದವು. ಹಿಪ್ಪುನೇರಳೆಯ ಚಿಗುರು ಬೆಕ್ಕಿನ ಕಿವಿಯಷ್ಟಾದ ದಿನ ಅವನ್ನು ಅಲ್ಲಿಟ್ಟುಕೊಂಡರೆ, ಮೈಯ ಬಿಸಿಗೆ ಮರಿ ಹೊರಬರುವ ತನಕ, ಒಂಬತ್ತು-ಹತ್ತು ದಿನ, ತೆಗೆಯುವಂತಿರಲಿಲ್ಲ. ಆ ದಿನಗಳಲ್ಲಿ ಅವಳು ಸಾವಿನ ಮನೆಗೆ ಹೋಗುತ್ತಿರಲಿಲ್ಲ, ಯಾರ ಜೊತೆಗೂ ದನಿ ಎತ್ತುತ್ತಿರಲಿಲ್ಲ.

"ನನ್ನ ಹೆಂಡತಿ ವರ್ಷಕ್ಕೊಂದು ಸಲ ಬಸುರಿ," ಎನ್ನುತ್ತಿದ್ದ ಗಂಡ ಷೆವ್ಕೆತ್, ದ್ರಾಕ್ಷಿ ಚಪ್ಪರದ ಕೆಳಗೆ ಚಹಾ ಹೀರುತ್ತ. "ಒಂದೇ ಸಲಕ್ಕೆ ಸಾವಿರಗಟ್ಟಲೆ ಮಕ್ಕಳು. ಒಂದಕ್ಕಾದ್ರೂ ನನ್ನ ಮೂಗಿಲ್ಲ."

"ಅಷ್ಟಾದರೂ ಪುಣ್ಯ ಮಾಡಿವೆಯಲ್ಲ," ಎನ್ನುತ್ತಿದ್ದಳು ಮೆಜಿದೆ.

ಆ ಮೊಟ್ಟೆಗಳು ಹಳದಿ ಹುಳುವಿನವು. ಅವಳ ತಾಯಿ ಮದುವೆಯಾಗಿ ಬಂದಾಗ ಎದೆಯಲ್ಲಿಟ್ಟುಕೊಂಡು ತಂದ ತಳಿ. ಉಳಿದವರೆಲ್ಲ ಎಂದೋ ಬುರ್ಸಾದಿಂದ ಡಬ್ಬಿಯಲ್ಲಿ ಬರುವ ಬಿಳಿ ಹುಳುವಿಗೆ ಬದಲಾಗಿದ್ದರು. ಅದರ ಗೂಡು ದಪ್ಪ, ನೂಲು ಉದ್ದ. ನಮ್ಮ ಗುಡ್ಡದಲ್ಲಿ ಹಳದಿ ಉಳಿದದ್ದು ಮೆಜಿದೆಯ ಮನೆಯಲ್ಲಿ ಮಾತ್ರ. ರೇಷ್ಮೆಯ ಮೊಟ್ಟೆ ಒಂದು ಚಳಿಗಾಲಕ್ಕಿಂತ ಹೆಚ್ಚು ಕಾಯುವುದಿಲ್ಲ. ಒಂದು ವಸಂತ ತಪ್ಪಿದರೂ ತಳಿ ಮುಗಿಯಿತು. ತಾಯಿ ತಂದಂದಿನಿಂದ ಅರವತ್ತೆಂಟು ವರ್ಷದಲ್ಲಿ ತಾಯಿಯಾಗಲಿ ಅವಳಾಗಲಿ ಒಂದು ವಸಂತವನ್ನೂ ತಪ್ಪಿಸಿರಲಿಲ್ಲ. ಮೆಜಿದೆಗೆ ಮಗ ಹುಟ್ಟಿದ ವರ್ಷ ಎದೆಯ ಒಂದು ಕಡೆ ಮಗು, ಇನ್ನೊಂದು ಕಡೆ ಮೊಟ್ಟೆ ಇತ್ತಂತೆ.

ಮರಿ ಹೊರಬಂದ ಮೇಲೆ ಮನೆ ಹುಳುವಿನದು. ದೊಡ್ಡ ಕೋಣೆಯ ಹಾಸಿಗೆಗಳೆಲ್ಲ ಮಾಳಿಗೆಗೆ ಹೋಗುತ್ತಿದ್ದವು, ಷೆವ್ಕೆತ್ತನೂ. ಈರುಳ್ಳಿ ಹುರಿಯುವುದಿಲ್ಲ. ಲಾರೆಲ್ ಎಣ್ಣೆಯ ಸೋಪು ನಮ್ಮೂರಿನ ಹೆಸರಾಂತ ಸರಕಾದರೂ ಅದರಲ್ಲಿ ಕೈ ತೊಳೆಯುವುದಿಲ್ಲ. ಧೂಪವನ್ನೂ ಹಚ್ಚುವುದಿಲ್ಲ. ಹುಳುವಿಗೆ ವಾಸನೆ ಆಗದು. ಹಾಗಾಗಿ ಹುಳುವಿರುವ ನಲವತ್ತು ದಿನ ಅವಳ ಪಾಲಿನ ಧೂಪವನ್ನು ಪಕ್ಕದ ಮನೆಯ ನಾನೇ ಜಿಯಾರತ್ತಿನ, ಅಂದರೆ ಸಂತನ ಗೋರಿಯ, ಬಿಳಿ ಗುಮ್ಮಟಕ್ಕೆ ಒಯ್ದು ಹಚ್ಚಿ, ಅವಳ ಹೆಸರು ಹೇಳಿ ಬರುತ್ತಿದ್ದೆ. ಬಂದು ಬಟ್ಟೆ ಬದಲಿಸಿ ಆ ಕೋಣೆಯ ಹೊಸ್ತಿಲ ಬಳಿ ಕೂರುತ್ತಿದ್ದೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳು ಎಲೆ ತಿನ್ನುವ ಸದ್ದು ದೂರದಲ್ಲಿ ಮಳೆ ಬಂದ ಹಾಗೆ. ಅದನ್ನು ಕೇಳುತ್ತ ಕೂತರೆ ನಾನು ಎಲ್ಲಿದ್ದೇನೆ, ಎಷ್ಟು ಹೊತ್ತಾಯಿತು, ತಿಳಿಯುತ್ತಿರಲಿಲ್ಲ. ಮೆಜಿದೆ ತಟ್ಟೆಯಿಂದ ತಟ್ಟೆಗೆ ಹೋಗಿ ಎಲೆ ಹಾಸುವಳು. ಕಿಟಕಿಯ ಹಸಿರು ಬೆಳಕಿನಲ್ಲಿ ಅವಳ ಬಿಳಿ ತಲೆವಸ್ತ್ರ ಮಾತ್ರ ತೇಲಿದಂತೆ ಕಾಣುವುದು. ಹುಳುಗಳ ಜೊತೆ ಅವಳು ಪಿಸುಮಾತಿನಲ್ಲಿ ಏನೋ ಹೇಳುತ್ತಿದ್ದಳು. ಏನೆಂದು ನಾನು ಕೇಳಲಿಲ್ಲ. ನಾನು ಜಿಯಾರತ್ತಿನಲ್ಲಿ ಹೇಳುವುದನ್ನು ಅವಳೂ ಕೇಳಿದವಳಲ್ಲ.

ಆ ವರ್ಷ ಮೇ ತಿಂಗಳಲ್ಲಿ, ಹುಳು ಹೊಟ್ಟೆಬಾಕತನ ಶುರುಮಾಡಿದ್ದಾಗ, ಅವಳ ತಂಗಿಯ ಮಗ ಎದಿಪ್ ಬಂದ. ಅಂತಾಕ್ಯದಲ್ಲಿ ಅವನು ಸಿರಿವಂತ ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸದಲ್ಲಿದ್ದ.

"ಖಾಲಾ, ನಿನ್ನ ಹುಳ ನೋಡೋಕೆ ಬರೀ ಐದು ಜನ," ಅಂದ. "ವೆನಿಸಿನಿಂದ ಹಡಗು ಹತ್ತಿ, ಹಿಂದೆ ರೇಷ್ಮೆ ಸಾಗ್ತಿದ್ದ ದಾರೀಲಿರೋ ಹಳೇ ಊರುಗಳನ್ನೆಲ್ಲ ನೋಡ್ಕೊಂಡು ಬರ್ತಿದ್ದಾರೆ. ಗಾಜಿನ ನೆಲದ ಕೆಳಗೆ ಹಳೇ ಕಲ್ಲಿನ ಚಿತ್ರ ಕಾಣೋ ಹೋಟೆಲಿದೆಯಲ್ಲ, ನಿನ್ನೆ ಅಲ್ಲೇ ಮಲಗಿದ್ರು."

"ಮಲಗಲಿ. ನನ್ನ ಹುಳ ಈಗಷ್ಟೇ ನಿದ್ದೆಯಿಂದ ಎದ್ದಿವೆ. ಹೊಸಬರ ಕಣ್ಣು ಬೇಡ."

"ಅಷ್ಟು ದೂರದಿಂದ ರೇಷ್ಮೆ ನೋಡಕ್ಕೆ ಬಂದೋರಿಗೆ ನಾನೇನು ಜಲಪಾತದ ಹತ್ರದ ಅಂಗಡೀಲಿ ನೇತಾಕಿರೋ ಶಾಲು ತೋರಿಸ್ಲಾ? ಅರ್ಧಕ್ಕರ್ಧ ಚೀನಾದ್ದು ಅವು."

"ತಾವಾಗಿ ಬಾಗಿಲಿಗೆ ಬಂದಿದ್ರೆ ದೇವರು ಕಳಿಸಿದೋರು ಅಂತಿದ್ದೆ. ಇವರನ್ನ ಕಳಿಸಿದ್ದು ಯಾರು?"

"ಕಂಪನಿ," ಅಂದ ಎದಿಪ್.

ಮೆಜಿದೆ ನಕ್ಕುಬಿಟ್ಟಳು. ನಕ್ಕ ಮೇಲೆ ಇಲ್ಲ ಅನ್ನುವುದು ಅವಳಿಗೆ ಬರುತ್ತಿರಲಿಲ್ಲ. ಇಬ್ಬಿಬ್ಬರೇ ಒಳಗೆ ಬರಬೇಕು, ಚಪ್ಪಲಿ ಹೊರಗೆ, ಮಾತಿಲ್ಲ, ಅತ್ತರು ಪೂಸಿದವರು ಬೇಡ. ಎದಿಪ್ ಎಲ್ಲದಕ್ಕೂ ತಲೆಯಾಡಿಸಿದ. ಪಾಪ, ಹೇಳಿದ ಹಾಗೇ ಕರೆತಂದ. ಐದೂ ಜನ ಬರೀ ನೀರಲ್ಲಿ ಮಿಂದು ಬಂದವರ ಹಾಗಿದ್ದರು. ಚಪ್ಪರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಅವರಲ್ಲೊಬ್ಬಳು ಎತ್ತರದ ಮುದುಕಿ, ತಲೆಗೆ ನಾರಿನ ಟೋಪಿ, ಕೊರಳಲ್ಲಿ ತೆಳು ನೀಲಿ ರೇಷ್ಮೆ.

ಆಗ ಸೊಸೆ ನೆಬಿಹೆ ಒಳಗಿನಿಂದ ಬಂದಳು. ಮದುವೆಯಾಗಿ ಬಂದು ಒಂದೂವರೆ ವರ್ಷ. ಅಂತಾಕ್ಯ ಪೇಟೆಯ ಹುಡುಗಿ, ಹುಳುವಿನ ಮನೆಯವಳಲ್ಲ. ಕೈಯಲ್ಲಿ ನಿಂಬೆ ಕೊಲೋನ್ಯದ, ಅದೇ ಪರಿಮಳದ ನೀರಿನ, ಬಾಟಲಿ. ಮನೆಗೆ ಬಂದವರ ಬೊಗಸೆಗೆ ಮೊದಲು ಕೊಲೋನ್ಯ, ಆಮೇಲೆ ಕಾಫಿ. ನಮ್ಮಲ್ಲಿ ಕಣ್ಣು ಮುಚ್ಚಿಕೊಂಡೂ ಮಾಡುವ ಕೆಲಸ ಅದು. ಒಬ್ಬೊಬ್ಬರ ಕೈಗೂ ಸುರಿದಳು. ಎದಿಪ್ ತನ್ನ ಕತ್ತಿಗೆ ಉಜ್ಜಿಕೊಂಡ, ನೋಡಿ ಅವರೂ ಉಜ್ಜಿಕೊಂಡರು. ನನ್ನ ಮುಂದೆ ಬಂದಾಗ ನಾನೂ ಕೈ ಚಾಚಿದೆ. ನಲವತ್ತು ವರ್ಷದಿಂದ ಆ ಹೊಸ್ತಿಲಲ್ಲಿ ಕೂತವಳು ನಾನು, ನನಗೂ ಹೊಳೆಯಲಿಲ್ಲ.

ಮೆಜಿದೆ ಒಳಗೆ ಎಲೆ ಹಾಸುತ್ತಿದ್ದಳು. ಮೊದಲು ಇಬ್ಬರು ಹೋಗಿ ಬಂದರು, ಮತ್ತೆ ಇಬ್ಬರು. ಕೊನೆಗೆ ಆ ಮುದುಕಿ, ಅವಳ ಜೊತೆ ಎದಿಪ್. ಮುದುಕಿ ಹುಳುಗಳನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ ನಿಂತು, ಎಲೆ ತಿನ್ನುವ ಆ ಮಳೆಯಂಥ ಸದ್ದು ಕೇಳಿದಳು. ಅವಳ ಮುಖ ಸಡಿಲವಾಯಿತು, ಎಲ್ಲೋ ಹುಡುಗಿಯಾಗಿದ್ದ ಊರಿಗೆ ಹೋಗಿ ನಿಂತಂತೆ. ಹೊಸ್ತಿಲಿಂದ ನಾನೂ ಕೇಳುತ್ತಿದ್ದೆ.

ಮಳೆ ತೆಳುವಾಯಿತು. ಒಂದೊಂದೇ ಹನಿಯಾಯಿತು. ನಿಂತಿತು.

ಮೆಜಿದೆ ತಟ್ಟೆಯಿಂದ ತಲೆ ಎತ್ತಿದಳು. ಮೂಗರಳಿಸಿ ಮುದುಕಿಯ ಕೈ ನೋಡಿದಳು, ಎದಿಪನ ಕತ್ತು ನೋಡಿದಳು, ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಮುದುಕಿಯ ಮಣಿಕಟ್ಟು ಹಿಡಿದು, ಕುರುಡರನ್ನು ನಡೆಸುವಷ್ಟು ಮೆಲ್ಲಗೆ ಹೊರಗೆ ತಂದು ಕೂರಿಸಿ, ತಾನೇ ಕಾಫಿ ಕೊಟ್ಟಳು. ಅವಳ ಕೊರಳ ರೇಷ್ಮೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಒಳ್ಳೇ ನೂಲು, ನಿಧಾನವಾಗಿ ತೆಗೆದಿದ್ದಾರೆ," ಅಂದಳು. ಎದಿಪ್ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಮುದುಕಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಕಾರುಗಳು ತಿರುವಿನಲ್ಲಿ ಮರೆಯಾದ ಮೇಲೆಯೇ ಮೆಜಿದೆ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದದ್ದು.

ಕೊಲೋನ್ಯವೋ, ಆ ವಾರ ತೆಂಕಣದಿಂದ ಬೀಸಿದ ಬಿಸಿಗಾಳಿಯೋ, ದೇವರಿಗೇ ಗೊತ್ತು. ಮರುದಿನ ಹುಳುಗಳು ತಲೆ ಮೇಲೆತ್ತಿ ಹಾಗೇ ನಿಂತವು. ಬಾಯಿಂದ ಹಸಿರು ನೀರು ಬಂತು. ಮೂರು ದಿನ ಮೆಜಿದೆ ಸತ್ತ ಹುಳುಗಳನ್ನು ತಟ್ಟೆಗಟ್ಟಲೆ ಹೊತ್ತು ಅಂಜೂರದ ಬುಡದಲ್ಲಿ ಮಣ್ಣು ಮಾಡಿದಳು.

ಎದಿಪ್ ಓಡಿಬಂದ. "ಖಾಲಾ, ಬುರ್ಸಾದಿಂದ ಬಿತ್ತನೆ ಮೊಟ್ಟೆ ತರಿಸಿಕೊಡ್ತೀನಿ. ಎಷ್ಟು ಡಬ್ಬಿ ಬೇಕೋ ಅಷ್ಟು."

"ಬಿಳಿ ಎಲ್ಲರ ಮನೇಲೂ ಇದೆ ಕಣೋ."

"ಹಾಗಾದ್ರೆ ನಾನೇನು ಮಾಡ್ಲಿ?"

"ಮೊದಲು ಅಲ್ಲಿಂದಾಚೆ ನಿಂತ್ಕೋ. ಇನ್ನೂ ವಾಸನೆ ಬರ್ತಿದೀಯ."

ನೆಬಿಹೆ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಅತ್ತೆಯ ಹಿಂದೆ ಹಿಂದೆ ಸುತ್ತಿದಳು. "ಬೈದುಬಿಡಿ ಅತ್ತೆ. ಹೀಗೆ ಸುಮ್ನಿದ್ರೆ ನಂಗೆ ಉಸಿರು ಕಟ್ಟತ್ತೆ."

"ಹುಳ ಇರೋ ಸೂರಿನ ಕೆಳಗೆ ಬೈಯೋ ಹಾಗಿಲ್ಲ."

"ಅಂಗಳಕ್ಕೆ ಬನ್ನಿ, ಅಲ್ಲಿ ಬೈರಿ."

"ಪುರುಸೊತ್ತಿಲ್ಲ. ಎಲೆ ಕತ್ತರಿಸು. ಸಣ್ಣಕ್ಕೆ."

ಮಾಳಿಗೆಯಿಂದ ಷೆವ್ಕೆತ್ ಕೂಗಿದ: "ಸರದಿ ಪ್ರಕಾರ ಬರಲಿ ಕಣಮ್ಮಾ. ನಂಗೆ ಬರಬೇಕಾದ ಬೈಗುಳಾನೇ ನಲವತ್ತು ವರ್ಷದ್ದು ಬಾಕಿ ಇದೆ."

ಇನ್ನೂ ಮಿಸುಕುತ್ತಿದ್ದ ಹುಳುಗಳನ್ನು ಅತ್ತೆ-ಸೊಸೆ ಹಕ್ಕಿಗರಿಯಿಂದ ಒಂದೊಂದೇ ಎತ್ತಿ ಹೊಸ ತಟ್ಟೆಗೆ ಹಾಕಿದರು. ಅರವತ್ತು ಇದ್ದಿರಬಹುದು. ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಓಕ್ ಕಡ್ಡಿಗಳ ಮೇಲೆ ಹತ್ತಿದ್ದು ಇಪ್ಪತ್ತೈದು. ಗೂಡು ಕಟ್ಟಿ ಮುಗಿಸಿದ್ದು ಹತ್ತೊಂಬತ್ತು. ಜರ್ದಾಲು ಹಣ್ಣಿನ ಬಣ್ಣದ ಹತ್ತೊಂಬತ್ತು ಗೂಡು.

ಬೇರೆ ವರ್ಷ ನಲವತ್ತು ಒಳ್ಳೆಯ ಗೂಡುಗಳನ್ನು ಬಿತ್ತನೆಗೆ ಬಿಟ್ಟು ಉಳಿದವನ್ನೆಲ್ಲ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಿದ್ದಳು. ಆ ವರ್ಷ ತಾಮ್ರದ ಹಂಡೆಯನ್ನು ಬೋರಲು ಹಾಕಿದಳು. ನೂಲಿಲ್ಲ, ಶಾಲಿಲ್ಲ. ಹತ್ತೊಂಬತ್ತನ್ನೂ ದಾರಕ್ಕೆ ಕಟ್ಟಿ ಬಡಗಣ ಕಿಟಕಿಗೆ ತೂಗುಹಾಕಿದಳು. ಅವುಗಳೊಳಗಿನ ಚಿಟ್ಟೆಗಳು ಹೊರಬಂದು, ಜೋಡಿಯಾಗಿ, ಮೊಟ್ಟೆಯಿಡಬೇಕು. ಬೇರೆ ದಾರಿಯಿರಲಿಲ್ಲ.

ಹದಿನಾರನೇ ದಿನ ಬೆಳಿಗ್ಗೆ ಗೂಡುಗಳು ತೂತಾಗಿ ನಾಲ್ಕು ಚಿಟ್ಟೆ ಬಂದವು. ಹಾರಲಾರದ, ಹಿಟ್ಟು ಬಳಿದಂಥ ಬಿಳಿ ಚಿಟ್ಟೆಗಳು, ರೆಕ್ಕೆ ಬಡಿಯುತ್ತ ಬಟ್ಟೆಯ ಮೇಲೆ ಸುತ್ತತೊಡಗಿದವು. ನಾಲ್ಕೂ ಗಂಡು. ಮರುದಿನ ಮೂರು, ಅವೂ ಗಂಡು.

"ಮದುವೆ ಮನೆಗೆ ಗಂಡಿನ ಕಡೆಯೋರು ಮಾತ್ರ ಬಂದಿದ್ದಾರೆ," ಅಂದ ಷೆವ್ಕೆತ್. ಯಾರೂ ನಗಲಿಲ್ಲ. ಅವನೂ ಚಹಾ ಲೋಟವನ್ನು ಕೆಳಗಿಟ್ಟ.

ಗಂಡು ಚಿಟ್ಟೆಗಳ ಬಾಳು ಕೆಲವೇ ದಿನ. ಮೊದಲ ದಿನ ಬಂದವು ಬಳಲಿ ಅಂಚಿಗೆ ಸರಿದಿದ್ದವು. ನಾಲ್ಕನೇ ದಿನ ಒಂದು ಹೆಣ್ಣು ಬಂತು, ಭಾರದ ಹೊಟ್ಟೆ ಎಳೆಯುತ್ತ. ಸಂಜೆಯೊಳಗೆ ಇನ್ನೆರಡು. ಉಳಿದ ಗೂಡುಗಳಿಂದ ಏನೂ ಬರಲಿಲ್ಲ. ಮೂರು ಜೋಡಿಯನ್ನು ಮೆಜಿದೆ ಬಿಳಿ ಬಟ್ಟೆಯ ಮೇಲೆ ದೂರ ದೂರ ಬಿಟ್ಟಳು. ಮರುದಿನದ ಹೊತ್ತಿಗೆ ಮೂರು ಸುತ್ತು ಮೊಟ್ಟೆ, ಬೆಣ್ಣೆಯ ಹಳದಿ, ಒಂದಕ್ಕೊಂದು ಅಂಟಿಕೊಂಡು.

ಜೀವವಿದ್ದರೆ ಅವು ಮೂರು ನಾಲ್ಕು ದಿನಕ್ಕೆ ಬೂದು ಬಣ್ಣಕ್ಕೆ ತಿರುಗುತ್ತವೆ. ಹಳದಿಯಾಗಿಯೇ ಉಳಿದರೆ ಬರಿದು. ವರ್ಷವರ್ಷವೂ ಹಂಡೆಯ ಹಬೆಗೆ ಮುಖವೊಡ್ಡಿ ಮೆಜಿದೆಯ ಕಣ್ಣು ಮಂಜಾಗಿತ್ತು. ಗಂಟೆಗೊಮ್ಮೆ ಸೊಸೆಯನ್ನೇ ಕರೆದು ನೋಡಿಸುತ್ತಿದ್ದಳು, ಏನು ಕಾಣಬೇಕೆಂದು ಮಾತ್ರ ಹೇಳಿರಲಿಲ್ಲ. ಒಂದು ದಿನ ಹಳದಿ. ಎರಡು, ಮೂರು. ಆ ಮೂರು ದಿನ ನಾನು ಜಿಯಾರತ್ತಿನಲ್ಲಿ ಗೋಡೆಗೆ ಹಣೆಯೊತ್ತಿ ಕೂತೆ. ಬೇಡಲು ಮಾತು ಬರಲಿಲ್ಲ. ಬರದಿದ್ದರೂ ಕೇಳಿಸಿಕೊಳ್ಳುವವನಿದ್ದಾನೆ ಎಂದು ಎದ್ದು ಬಂದೆ.

ನಾಲ್ಕನೇ ದಿನ ನಾನು ಹೊಸ್ತಿಲಲ್ಲಿ ಕೂತಿದ್ದಾಗ ನೆಬಿಹೆ ಬಟ್ಟೆಯ ಮೇಲೆ ಬಾಗಿ ತಟಕ್ಕನೆ ಹಿಂದೆ ಸರಿದಳು.

"ಅತ್ತೆ, ನಡುವಿನ ಸುತ್ತು ಕೆಟ್ಟುಹೋಗ್ತಿದೆ."

"ಕೆಟ್ಟಿದೆ ಅಂದ್ರೆ ಹೇಗೆ?"

"ಬಣ್ಣ ಹೋಗಿದೆ. ಪಾರಿವಾಳದ ಕತ್ತಿನ ಥರ ಆಗಿದೆ."

ಮೆಜಿದೆ ಇದ್ದಲ್ಲೇ ನೆಲಕ್ಕೆ ಕೂತಳು. "ಇನ್ನೂ ಹತ್ತಿರ ಹೋಗಿ ನೋಡೇ," ಅಂದಳು. "ಎಷ್ಟು ಕೆಟ್ಟಿದೆ ಹೇಳು."

"ಹತ್ತು. ಇಲ್ಲ, ಜಾಸ್ತಿ. ಅತ್ತೆ, ನೋಡ್ತಿದ್ದ ಹಾಗೇ ಹೆಚ್ಚಾಗ್ತಿದೆ," ಅಂದಳು ನೆಬಿಹೆ ಅಳುವ ದನಿಯಲ್ಲಿ. ಆಮೇಲೆ ಅತ್ತೆಯ ಮುಖ ನೋಡಿ, ಮಾತು ನಿಲ್ಲಿಸಿ, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ಮಧ್ಯಾಹ್ನದೊಳಗೆ ನಡುವಿನ ಸುತ್ತು ಪೂರ್ತಿ ಬೂದು ಬಣ್ಣಕ್ಕೆ ತಿರುಗಿತು. ಅಕ್ಕಪಕ್ಕದ ಎರಡು ಹಳದಿಯಾಗಿಯೇ ಉಳಿದವು. ಜೀವವಿದ್ದ ಸುತ್ತನ್ನು ಬೇರೆ ಮಾಡಿ ಮುಂದಿನ ಏಪ್ರಿಲ್ ತನಕ ಎತ್ತಿಡಲು ಮೆಜಿದೆ ಕತ್ತರಿ ತರಿಸಿದಳು. ಬಟ್ಟೆಯ ಅಂಚನ್ನು ತಾನು ಬಿಗಿಯಾಗಿ ಹಿಡಿದು, ಎಲ್ಲಿ ಕತ್ತರಿಸಬೇಕೆಂದು ಕೇಳಿದ ಸೊಸೆಗೆ, "ನಿನಗೇ ತಾನೆ ಕಾಣೋದು," ಅಂದಳು.