ನೆಲಕ್ಕಿಡದೆ ತಂದ ಗಂಗಾಮೂಲದ ನೀರು

ಹರಿಹರೇಶ್ವರನ ಪಾದ ನಂಬಿದ ಬಂಧುಗಳೇ, 1982ರ ಮಳೆಗಾಲದಲ್ಲಿ ನನ್ನ ಬಲತೊಡೆಯ ಮೂಳೆ ಮುರಿಯಿತು. ಹರಿಹರದಿಂದ ದಾವಣಗೆರೆಗೆ ಬಂದು ಇಳಿಯುವಾಗ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದೆ. ನಾನು ಹೆಣ್ಣುಮಕ್ಕಳ ಶಾಲೆಯೊಂದರ ಡ್ರಿಲ್ ಟೀಚರ್. ಎಂ.ಸಿ.ಸಿ. ಬಡಾವಣೆಯಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ಮದುವೆಯಾಗಿಲ್ಲ, ಆಗಬೇಕೆಂದು ಅನಿಸಿಯೂ ಇಲ್ಲ. ಹಾಗಾಗಿ ನನಗೆ ಇದ್ದದ್ದು ಆ ಕೆಲಸ ಒಂದೇ.

ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಎರಡು ತಿಂಗಳು ಮಲಗಿಸಿದರು. ಮೇಲಿನ ಫ್ಯಾನು ನೋಡುತ್ತಾ ಒಂದು ದಿನ ಹರಕೆ ಹೊತ್ತೆ: "ಸ್ವಾಮಿ, ಈ ಕಾಲು ಮೊದಲಿನಂಗೆ ಮಾಡು. ಒಬ್ಬಾಕೆನ ಗಂಗಾಮೂಲಕ್ಕೆ ಹೋಗಿ ನಿನಗೆ ನೀರು ತರ್ತೀನಿ." ಹರಿಹರದಲ್ಲಿ ಆತನ ಗುಡಿಯ ಪಕ್ಕ ಹರಿಯುವ ತುಂಗಭದ್ರೆಯ ಮೂಲ ಅಲ್ಲಿ, ಶೃಂಗೇರಿಯ ಆಚೆ ಕಾಡಿನಲ್ಲಿ. ಹರಕೆಯ ನೀರಿಗೆ ಒಂದೇ ಕಟ್ಟಳೆ: ಒಮ್ಮೆ ತುಂಬಿದ ಬಿಂದಿಗೆಯನ್ನು ಗುಡಿ ಮುಟ್ಟುವವರೆಗೆ ನೆಲಕ್ಕಿಡುವಂತಿಲ್ಲ.

ಮೂಳೆಯೇನೋ ಕೂಡಿತು, ಬಲ ಬರಲಿಲ್ಲ. ಡಿಸೆಂಬರಿನಲ್ಲಿ ಶಾಲೆಗೆ ಹೋದರೆ ಇಪ್ಪತ್ತು ನಿಮಿಷಕ್ಕೆ ಕಾಲು ನಡುಗಿ ಮಕ್ಕಳ ಮುಂದೆಯೇ ಕುಸಿದೆ. ಒಂದು ಪೀರಿಯಡ್ ಎಂದರೆ ನಲವತ್ತೈದು ನಿಮಿಷ. ಅಷ್ಟು ಹೊತ್ತು ನಿಲ್ಲಲಾರದವಳಿಗೆ ಮೈದಾನ ಯಾಕೆ, ಜನವರಿ ಕಳೆದ ಮೇಲೆ ಆಫೀಸಿನಲ್ಲಿ ಕೂತು ಕಾಗದ ಜೋಡಿಸಲಿ ಎಂದು ಹೆಡ್‌ಮಿಸ್ ಹೇಳಿ ಕಳಿಸಿದರು. ಅಂದು ಬಚ್ಚಲಿನಲ್ಲಿ ಕದ ಹಾಕಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

"ಹರಕೆ ತೀರಿಸಾಕೆ ಹೋಗ್ತೀನಿ" ಎಂದೆ.

ಅಣ್ಣ ಊಟದ ತಟ್ಟೆಯಿಂದ ತಲೆ ಎತ್ತಿದ. "ಹುಚ್ಚು ಹಿಡಿದೈತೇನು? ದೇವರು ಕಾಲು ಪೂರ್ತಿ ಕೊಟ್ಟಿಲ್ಲ, ನೀನ್ಯಾಕ ಹರಕೆ ತೀರಿಸ್ಬೇಕು? ತಪ್ಪು ಕಾಣಿಕೆ ಹಾಕಿ ಕೈಮುಗಿ, ಆತು."

"ತಪ್ಪು ಮಾಡಿದೋರು ತಪ್ಪು ಕಾಣಿಕೆ ಹಾಕ್ಲಿ. ನಾನೇನು ಮಾಡೀನಿ? ಅವನು ಅರ್ಧ ಕೊಟ್ಟಾನ. ನಾನು ಪೂರ್ತಿ ತೀರಿಸ್ತೀನಿ. ಆಮೇಲೆ ಅವನ ಮುಖ ನೋಡ್ತೀನಿ."

ಅತ್ತಿಗೆ "ಬಿಡ್ತು ಅನ್ನು" ಎಂದರು. ನಾನು ಅನ್ನಲಿಲ್ಲ.

ನನ್ನ ಹತ್ತಿರ ಹಳೆಯದೊಂದು ಮೊಪೆಡ್ ಇತ್ತು. ಪೆಡಲ್ ತುಳಿದರೆ ಚಾಲೂ ಆಗುತ್ತದೆ, ಏರು ಬಂದರೆ ಮತ್ತೆ ತುಳಿಯಬೇಕಾಗುತ್ತದೆ. ಮಿಲ್ಲಿನ ದಪ್ಪ ಬಟ್ಟೆ ತಂದು ಆನೆಕೊಂಡದ ದರ್ಜಿ ಖಾದರ್ ಸಾಬರಿಂದ ಸಣ್ಣ ಡೇರೆ ಹೊಲಿಸಿದೆ. ಅವರೊಬ್ಬರೇ ಹೋಗಬೇಡ ಎನ್ನಲಿಲ್ಲ. "ಹೊಲಿಗಿ ನಂದು ಅಕ್ಕಾರೆ, ಕಾಯೋದು ಮ್ಯಾಲಿನವಂದು. ಫಿಕರ್ ಮಾಡಬ್ಯಾಡ್ರಿ" ಎಂದರು. ಬಿಂದಿಗೆ ತೂಗುಹಾಕಲು ನೂಲಿನ ಹಗ್ಗದಲ್ಲಿ ನಾನೇ ನೆಲುವು ಹೆಣೆದುಕೊಂಡೆ. ತೆಂಗಿನ ನಾರಿನದು ಒಯ್ಯಬೇಕಿತ್ತು. ಆದರೆ ಮಿಲ್ಲಿನ ಊರಿನವರು ನಾವು, ಹತ್ತಿ ಬಿಟ್ಟು ಬೇರೆಯದನ್ನು ನಂಬುವುದಿಲ್ಲ.

ಜನವರಿಯ ಸಂಕ್ರಾಂತಿ ಕಳೆದ ಮೇಲೆ, ಶಾಲೆಗೆ ರಜೆ ಹಾಕಿ ಹೊರಟೆ. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ. ಹೊಳೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜೊತೆಗೆ ಬಂತು. ಸಕ್ರೆಬೈಲಿನಲ್ಲಿ ಆನೆಗಳು ನೀರಿನಲ್ಲಿ ಮಗ್ಗುಲಾಗಿ ಮಲಗಿ ಬೆನ್ನು ತಿಕ್ಕಿಸಿಕೊಳ್ಳುವುದನ್ನು ಬಾಯಿ ಬಿಟ್ಟು ನೋಡಿದೆ. ಸಂಜೆಯಾದರೆ ಶಾಲೆಯ ಅಂಗಳವೋ ಫಾರೆಸ್ಟ್ ಗೇಟೋ ಹುಡುಕಿ ಡೇರೆ ಹಾಕಿ, ಮಂಡಕ್ಕಿಗೆ ಒಗ್ಗರಣೆ ಕೊಟ್ಟು ತಿನ್ನುತ್ತಿದ್ದೆ. "ಗಂಡಸರು ಯಾರೂ ಇಲ್ವಾ ಜೊತೆಗೆ?" ಎಂದು ಹೋದಲ್ಲೆಲ್ಲ ಕೇಳಿದರು. ಇದ್ದಾನೆ, ಹರಿಹರದಲ್ಲಿ ಕಾಯುತ್ತಿದ್ದಾನೆ ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದೆ.

ಐದನೆಯ ದಿನ ಬೆಳಿಗ್ಗೆ ಗಂಗಾಮೂಲದಲ್ಲಿ ಬಿಂದಿಗೆ ತುಂಬಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ನೆಲುವಿನಲ್ಲಿಟ್ಟು ಹ್ಯಾಂಡಲಿಗೆ ಬಿಗಿದೆ. ಎರಡು ಮೈಲಿಯೂ ಬಂದಿರಲಿಲ್ಲ. ಕಬ್ಬಿಣಕ್ಕೆ ಉಜ್ಜಿ ಉಜ್ಜಿ, ಇಬ್ಬನಿಗೆ ನೆನೆದ ನೂಲಿನ ಹಗ್ಗ ಒಂದು ಕುಳಿಯಲ್ಲಿ ಪಟ್ಟೆಂದು ಹರಿಯಿತು. ಗಾಡಿ ಕೈಬಿಟ್ಟು ಬಿಂದಿಗೆ ಹಿಡಿದೆ. ಗಾಡಿ ಮೋರಿಗೆ ಬಿತ್ತು. ಕೈಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು.

ತಲೆ ಎತ್ತಿದರೆ ಮುಂದೆ ಕಾಡುಕೋಣ. ಕರೀ ಮೈ, ಮೊಣಕಾಲಿನವರೆಗೆ ಬಿಳಿ, ನಮ್ಮ ಮಕ್ಕಳು ಸಾಕ್ಸ್ ಹಾಕಿಕೊಂಡಂತೆ. ಒಂದಲ್ಲ, ಏಳು. ಹಿರಿಯದೊಂದು ನನ್ನತ್ತ ತಿರುಗಿ ನಿಂತೇಬಿಟ್ಟಿತು. ಓಡಲು ಕಾಲಿಲ್ಲ. ಕೂರೋಣವೆಂದರೆ ಕೈಯಲ್ಲಿ ಹರಕೆಯ ನೀರು, ಬಿಂದಿಗೆ ಸಮೇತ ಕೆಳಗೆ ಕುಸಿಯುವ ಕಾಲು ನನ್ನದು. ಆಗ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಪ್ರಾಣಕ್ಕಲ್ಲ. ಅಣ್ಣ ಹೇಳಿದ್ದೇ ಸರಿಯಾಗಿಬಿಡುತ್ತದಲ್ಲ ಎಂದು.

"ಏ ಹರಿಹರೇಶ್ವರ" ಎಂದು ಹಲ್ಲು ಕಚ್ಚಿ ಬೈದೆ. "ಹರಿನೂ ನೀನ, ಹರನೂ ನೀನ. ಇಬ್ಬರಿದ್ದೂ ನನಗೊಂದು ಕಾಲು ಕೊಡಾಕೆ ಆಗಲಿಲ್ಲೇನು? ನಾನು ನಿನ್ನ ನೀರು ಇಳಿಸಂಗಿಲ್ಲ. ನೀ ಏನು ಮಾಡ್ತೀಯೋ ಮಾಡು."

ಎಡಗಾಲು ಜೋಮು ಹಿಡಿಯಿತು. ಭಾರವನ್ನು ಬಲಗಾಲಿಗೆ ಹಾಕದೆ ಗತಿ ಇರಲಿಲ್ಲ, ಹಾಕಿದೆ. ನಡುಗಿತು. ಆಮೇಲೆ ನಡುಗುವುದು ನಿಂತಿತು. ಕೋಣಗಳು ಅವಸರವಿಲ್ಲದೆ ಮೇಯುತ್ತಾ ಒಂದೊಂದಾಗಿ ರಸ್ತೆ ದಾಟಿದವು. ಸಾಲು ತಪ್ಪಲಿಲ್ಲ, ಅದನ್ನೂ ಗಮನಿಸಿದೆ.

ಕೊನೆಯದು ಮರೆಯಾಗುವ ಹೊತ್ತಿಗೆ ಹಿಂದೆ ಕಾರ್ಕಳದ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು ಓಡಿಬಂದ. ಮಾತು ಕೇಳಿದರೆ ನಮ್ಮ ಕಡೆಯವನು, ಗುತ್ತೂರಿನವನಂತೆ.

"ಎಷ್ಟು ಹೊತ್ತಾತ್ರಿ ಅಮ್ಮಾರೆ ಹಿಂಗ ನಿಂತು?"

ಗಡಿಯಾರ ನೋಡಿದೆ. ಹತ್ತೂ ಐವತ್ತೈದು. ಮತ್ತೊಮ್ಮೆ ನೋಡಿದೆ. ಸರಿಯಾಗಿ ಒಂದು ಪೀರಿಯಡ್. ನಾನು ನಿಂತಿದ್ದದ್ದು ಬಲಗಾಲಿನ ಮೇಲೆ. ಆಗ ಅಳು ಬಂತು, ತಡೆಯಲಿಲ್ಲ.

"ಬಸ್ ಹತ್ರಿ, ಗಾಡಿ ಮ್ಯಾಲೆ ಹಾಕಿಸ್ತೀನಿ. ಯಾಕ ಇಷ್ಟು ಕಷ್ಟ?"

"ಬ್ಯಾಡಪ್ಪ. ಒಂದು ಗಟ್ಟಿ ಹಗ್ಗ ಕೊಡು ಸಾಕು."

ಗಾಡಿಯನ್ನು ಮೋರಿಯಿಂದ ಎತ್ತಿ ನಿಲ್ಲಿಸಿ, ಬಸ್ಸಿನ ಮೇಲಿನ ಸಾಮಾನು ಬಿಗಿದ ನಾರಿನ ಹಗ್ಗ ಕೊಯ್ದು ಕೊಟ್ಟ. ನಾನು ನೆಲುವು ಕಟ್ಟುವವರೆಗೆ ಬಿಂದಿಗೆಯನ್ನು ಎದೆಗವಚಿ ಹಿಡಿದುಕೊಂಡಿದ್ದ. ಆ ಪುಣ್ಯಾತ್ಮನನ್ನು ಕಳಿಸಿದ್ದೂ ಸ್ವಾಮಿಯೇ.

ರಾತ್ರಿ ಬಿಂದಿಗೆಯನ್ನು ಮರದ ಕೊಂಬೆಗೆ ತೂಗುಹಾಕಿ ಮಲಗುತ್ತಿದ್ದೆ. ಮುಂದಿನ ನಾಲ್ಕು ದಿನ ಪೆಡಲ್ ತುಳಿದದ್ದು ಬಲಗಾಲಿನಲ್ಲೇ. ನೋವಿತ್ತು, ಕಾಲೂ ಇತ್ತು. ಹರಿಹರದ ಗುಡಿಯಲ್ಲಿ ಅಣ್ಣ ಕಾಯುತ್ತಿದ್ದ. ಅಭಿಷೇಕ ಮುಗಿಯುವವರೆಗೆ ಕಂಬಕ್ಕೂ ಒರಗದೆ ನಿಂತು ಸ್ವಾಮಿಯ ಮುಖ ನೋಡಿದೆ. ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ, ಕೊಟ್ಟದ್ದಕ್ಕೆ ಅಡ್ಡಬಿದ್ದೆ. ಅಣ್ಣ ಕಣ್ಣೊರೆಸಿಕೊಂಡ.

ಬಂಧುಗಳೇ, ಆತ ಕೇಳಿದ್ದನ್ನು ಕೊಡುತ್ತಾನೆ. ಆದರೆ ಮಲಗಿದ್ದಲ್ಲಿಗೆ ತಂದು ಕೊಡುತ್ತಾನೆಂದು ಕಾಯಬೇಡಿ. ಜಗಳವಾಡಿ, ಎದ್ದು ಹೊರಡಿ, ಹೊತ್ತದ್ದನ್ನು ಕೆಳಗಿಡಬೇಡಿ. ಸೋಮವಾರ ಮೈದಾನಕ್ಕೆ ಹೋದರೆ ಹೆಡ್‌ಮಿಸ್ ನನಗೆಂದು ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿದ್ದರು. ಸ್ವಾಮಿಯನ್ನು ನೆನೆದು ಸೀಟಿ ಊದಿದೆ. ಅಂದಿನಿಂದ ಇಂದಿನವರೆಗೆ ಆ ಕುರ್ಚಿಯ ಮೇಲೆ ನನ್ನ ಹಾಜರಿ ಪುಸ್ತಕವೇ ಕೂರುತ್ತಿದೆ.